ಪ್ರತಿಧ್ವನಿ ನಿವಾರಣೆ

ಪ್ರತಿಧ್ವನಿ ನಿವಾರಣೆಯು ದೂರವಾಣಿ, ವಿಡಿಯೊ ಸಭೆ ಮತ್ತಿತರ ಧ್ವನಿ ಸಂವಹನ ವ್ಯವಸ್ಥೆಗಳಲ್ಲಿ ಮಾತನಾಡುವವರಿಗೆ ಅವರದೇ ದನಿಯು ತಡವಾಗಿ ಮರಳಿ ಕೇಳಿಸದಂತೆ ಮಾಡುವ ಸಂಕೇತ ಸಂಸ್ಕರಣಾ ವಿಧಾನವಾಗಿದೆ. ದೂರದಿಂದ ಬಂದ ಧ್ವನಿಯು ಈಚೆ ತುದಿಯಲ್ಲಿ ಹೇಗೆ ಪ್ರತಿಫಲಿಸಿ ಹಿಂದಿರುಗಬಹುದು ಎಂಬುದನ್ನು ಲೆಕ್ಕ ಹಾಕಿ, ಆ ಪ್ರತಿಧ್ವನಿಯ ನಕಲೊಂದನ್ನು ತಯಾರಿಸಿ, ಹಿಂದಿರುಗುವ ಸಂಕೇತದಿಂದ ಅದನ್ನು ಕಳೆಯುವುದು ಇದರ ಮೂಲತತ್ತ್ವ. ಈ ಕೆಲಸವನ್ನು ಮಾಡುವ ಸಾಧನ ಅಥವಾ ತಂತ್ರಾಂಶವನ್ನು ಪ್ರತಿಧ್ವನಿ ನಿವಾರಕ ಎನ್ನುತ್ತಾರೆ.

ಪ್ರತಿಧ್ವನಿ ನಿವಾರಣೆಯನ್ನು ಗದ್ದಲ ನಿವಾರಣೆಯೊಂದಿಗೆ ಗೊಂದಲ ಮಾಡಿಕೊಳ್ಳುವುದುಂಟು. ಫ್ಯಾನಿನ ಸದ್ದು, ರಸ್ತೆಯ ವಾಹನಗಳ ಸದ್ದು ಮೊದಲಾದ ಗದ್ದಲದ ಮೂಲರೂಪ ಯಂತ್ರಕ್ಕೆ ಸಾಮಾನ್ಯವಾಗಿ ತಿಳಿದಿರುವುದಿಲ್ಲ, ಅದನ್ನು ಅಂದಾಜಿಸಬೇಕಾಗುತ್ತದೆ. ಪ್ರತಿಧ್ವನಿಯ ಮೂಲವಾದರೋ ಯಂತ್ರದ ಕೈಯಲ್ಲೇ ಇರುತ್ತದೆ. ಧ್ವನಿವರ್ಧಕಕ್ಕೆ ಯಾವ ಸಂಕೇತ ಹೋಯಿತೆಂಬುದು ಅದಕ್ಕೆ ಗೊತ್ತು. ಆ ಸಂಕೇತವು ಕೋಣೆಯಲ್ಲಿ ಅಥವಾ ತಂತಿಯಲ್ಲಿ ಯಾವ ಮಾರ್ಪಾಡು ಹೊಂದಿ ಮರಳಿತು ಎಂಬುದಷ್ಟೇ ಗೊತ್ತಿಲ್ಲ. ಇಡೀ ವಿಧಾನ ನಿಂತಿರುವುದು ಈ ಒಂದು ಅನುಕೂಲದ ಮೇಲೆ.

ಪ್ರತಿಧ್ವನಿಯ ಕಾರಣಗಳು

ಸಂವಹನ ವ್ಯವಸ್ಥೆಗಳಲ್ಲಿ ಪ್ರತಿಧ್ವನಿ ಎರಡು ಬಗೆಯಲ್ಲಿ ಹುಟ್ಟುತ್ತದೆ. ಮೊದಲನೆಯದು ತಂತಿಯ ಪ್ರತಿಧ್ವನಿ. ಹಳೆಯ ಸ್ಥಿರ ದೂರವಾಣಿ ವ್ಯವಸ್ಥೆಯಲ್ಲಿ ಮನೆಯಿಂದ ವಿನಿಮಯ ಕೇಂದ್ರದವರೆಗೆ ಎರಡೇ ತಂತಿಗಳಿರುತ್ತವೆ; ಹೋಗುವ ಮಾತು, ಬರುವ ಮಾತು ಎರಡೂ ಅದೇ ಜೋಡಿಯಲ್ಲಿ ಸಾಗುತ್ತವೆ. ದೂರದ ಊರುಗಳ ನಡುವಿನ ಮಾರ್ಗದಲ್ಲಿ ಸಂಕೇತವನ್ನು ವರ್ಧಿಸಬೇಕಾಗುತ್ತದೆ. ವರ್ಧಕಗಳು ಒಂದೇ ದಿಕ್ಕಿನಲ್ಲಿ ಕೆಲಸ ಮಾಡುವುದರಿಂದ ಅಲ್ಲಿ ಎರಡು ದಿಕ್ಕುಗಳಿಗೆ ಎರಡು ಜೋಡಿಗಳು, ಅಂದರೆ ನಾಲ್ಕು ತಂತಿಗಳು ಬೇಕು. ಎರಡು ತಂತಿಯ ಮಾರ್ಗವು ನಾಲ್ಕು ತಂತಿಯ ಮಾರ್ಗವನ್ನು ಕೂಡುವ ಜಾಗದಲ್ಲಿ ಹೈಬ್ರಿಡ್ ಎಂಬ ಮಂಡಲವನ್ನು ಇರಿಸಲಾಗುತ್ತದೆ. ಬಂದ ಮಾತನ್ನು ಪೂರ್ತಿಯಾಗಿ ಮನೆಯ ಕಡೆಗೆ ಕಳುಹಿಸಿ, ಹಿಂದಿರುಗುವ ಜೋಡಿಗೆ ಏನೂ ಸೋರದಂತೆ ನೋಡಿಕೊಳ್ಳುವುದು ಅದರ ಕೆಲಸ. ಇದಕ್ಕೆ ತಂತಿಯ ಇಂಪೀಡೆನ್ಸ್ ಹಾಗೂ ಹೈಬ್ರಿಡ್‌ನ ಸಮತೋಲನ ಮಂಡಲದ ಇಂಪೀಡೆನ್ಸ್ ತಾಳೆಯಾಗಬೇಕು. ಒಂದು ಮನೆ ಕೇಂದ್ರಕ್ಕೆ ಹತ್ತಿರ, ಇನ್ನೊಂದು ಹಲವು ಕಿಲೋಮೀಟರ್ ದೂರ. ತಂತಿಯ ಉದ್ದ, ದಪ್ಪಗಳು ಬೇರೆ ಬೇರೆ. ಹಾಗಾಗಿ ತಾಳೆ ಎಂದೂ ಪೂರ್ಣವಾಗುವುದಿಲ್ಲ. ತಾಳೆಯಾಗದ ಭಾಗವು ಮಾತನಾಡಿದವರ ಕಡೆಗೇ ಮರಳುತ್ತದೆ.

ಎರಡನೆಯದು ಕೋಣೆಯ ಪ್ರತಿಧ್ವನಿ. ಧ್ವನಿವರ್ಧಕದಿಂದ ಹೊರಟ ಮಾತು ನೇರವಾಗಿಯೂ, ಗೋಡೆ, ಮೇಜು, ಸೂರುಗಳಿಗೆ ಬಡಿದೂ ಅದೇ ಕೋಣೆಯ ಮೈಕ್ರೊಫೋನನ್ನು ಸೇರುತ್ತದೆ. ಸ್ಪೀಕರ್‌ಫೋನ್, ಲ್ಯಾಪ್‌ಟಾಪ್, ಕಾರಿನ ಫೋನ್ ವ್ಯವಸ್ಥೆ, ಸಭಾಂಗಣದ ಸಲಕರಣೆ ಎಲ್ಲದರಲ್ಲೂ ಇದು ಅನಿವಾರ್ಯ. ಇಂದಿನ ಬಳಕೆದಾರರಿಗೆ ಎದುರಾಗುವುದು ಬಹುಪಾಲು ಈ ಬಗೆಯದೇ.

ಎರಡೂ ಬಗೆಗಳಿಗೆ ಸಾಮಾನ್ಯವಾದ ಲಕ್ಷಣವೊಂದಿದೆ: ಪ್ರತಿಧ್ವನಿ ಕೇಳಿಸುವುದು ಒಂದು ತುದಿಯಲ್ಲಿ, ಹುಟ್ಟುವುದು ಮತ್ತೊಂದು ತುದಿಯಲ್ಲಿ. ಬೆಂಗಳೂರಿನಲ್ಲಿರುವ ಒಬ್ಬರಿಗೆ ತಮ್ಮ ಮಾತು ಮರುಕಳಿಸುತ್ತಿದ್ದರೆ, ಅವರೊಡನೆ ಮಾತನಾಡುತ್ತಿರುವ ದುಬೈಯವರ ಸಾಧನ ಅದನ್ನು ನಿವಾರಿಸುತ್ತಿಲ್ಲ ಎಂದರ್ಥ. ದುಬೈಯವರಿಗೆ ಎಲ್ಲವೂ ಸ್ವಚ್ಛವಾಗಿಯೇ ಕೇಳಿಸುತ್ತಿರುತ್ತದೆ. ಆನ್‌ಲೈನ್ ತರಗತಿಗಳಲ್ಲಿ ಪ್ರತಿಧ್ವನಿ ಕೇಳಿದವರು ತಮ್ಮದೇ ಮೈಕ್ರೊಫೋನ್ ಕೆಟ್ಟಿದೆಯೆಂದು ಬದಲಾಯಿಸುವುದು ಈ ಕಾರಣದಿಂದಲೇ ನಿಷ್ಪ್ರಯೋಜಕ. ಬಹುಜನರ ಸಭೆಯಲ್ಲಿ ಒಬ್ಬೊಬ್ಬರ ಮೈಕ್ರೊಫೋನನ್ನು ಸರದಿಯಾಗಿ ಮುಚ್ಚಿ ನೋಡಿದರೆ, ಯಾರದನ್ನು ಮುಚ್ಚಿದಾಗ ಪ್ರತಿಧ್ವನಿ ನಿಲ್ಲುತ್ತದೆಯೋ ಅಲ್ಲಿಯೇ ಅದರ ಮೂಲವಿರುತ್ತದೆ. ಅವರು ಹೆಡ್‌ಫೋನ್ ಧರಿಸಿದರೆ ಧ್ವನಿ ಮೈಕ್ರೊಫೋನನ್ನು ತಲುಪುವ ದಾರಿಯೇ ಬಹುಮಟ್ಟಿಗೆ ಮುಚ್ಚಿಹೋಗುತ್ತದೆ.

ವಿಳಂಬದ ಪಾತ್ರ

ಪ್ರತಿಧ್ವನಿಯು ಎಷ್ಟು ಜೋರಾಗಿದೆ ಎಂಬಷ್ಟೇ ಮುಖ್ಯವಾದುದು ಅದು ಎಷ್ಟು ತಡವಾಗಿ ಬರುತ್ತದೆ ಎಂಬುದು. ಕೆಲವೇ ಮಿಲಿಸೆಕೆಂಡುಗಳಲ್ಲಿ ಮರಳುವ ದನಿಯನ್ನು ಕಿವಿ ಪ್ರತ್ಯೇಕವಾಗಿ ಗುರುತಿಸುವುದಿಲ್ಲ. ದೂರವಾಣಿಯ ರಿಸೀವರ್‌ನಲ್ಲಿ ಮಾತನಾಡುವವರ ದನಿಯನ್ನು ಅಲ್ಪ ಪ್ರಮಾಣದಲ್ಲಿ ಅವರ ಕಿವಿಗೇ ಉದ್ದೇಶಪೂರ್ವಕವಾಗಿ ಕೇಳಿಸಲಾಗುತ್ತದೆ. ಅದಿಲ್ಲದಿದ್ದರೆ ಸಂಪರ್ಕ ಕಡಿದಂತೆ ಭಾಸವಾಗುತ್ತದೆ. ವಿಳಂಬ ಬೆಳೆದಂತೆ ಅದೇ ದನಿ ಕಿರಿಕಿರಿಯಾಗುತ್ತದೆ. ನೂರಾರು ಮಿಲಿಸೆಕೆಂಡುಗಳ ವಿಳಂಬದಲ್ಲಿ ತನ್ನ ಮಾತನ್ನು ತಾನೇ ಕೇಳಿಸಿಕೊಳ್ಳುವ ವ್ಯಕ್ತಿ ತೊದಲುತ್ತಾನೆ, ನಡುವೆ ನಿಲ್ಲಿಸುತ್ತಾನೆ, ಕಡೆಗೆ ಮಾತನ್ನೇ ಬಿಡುತ್ತಾನೆ.

ಇಂದಿನ ಇಂಟರ್‌ನೆಟ್ ಕರೆಗಳಲ್ಲಿ ದೂರವೊಂದೇ ವಿಳಂಬಕ್ಕೆ ಕಾರಣವಲ್ಲ. ಧ್ವನಿಯನ್ನು ಸಾಮಾನ್ಯವಾಗಿ 20 ಮಿಲಿಸೆಕೆಂಡುಗಳ ತುಣುಕುಗಳಾಗಿ ಕೂಡಿಹಾಕಿ, ಸಂಕುಚಿಸಿ ಕಳುಹಿಸಲಾಗುತ್ತದೆ. ತಲುಪಿದ ತುಣುಕುಗಳ ಏರುಪೇರನ್ನು ಸರಿದೂಗಿಸಲು ಇನ್ನಷ್ಟು ಹೊತ್ತು ಕಾಯಿಸಲಾಗುತ್ತದೆ. ಹೀಗಾಗಿ ಪಕ್ಕದ ಬೀದಿಗೆ ಮಾಡಿದ ಕರೆಯಲ್ಲೂ ಪ್ರತಿಧ್ವನಿ ಸ್ಪಷ್ಟವಾಗಿ ಕೇಳಿಸುವಷ್ಟು ತಡವಿರುತ್ತದೆ. ಒಂದು ದಿಕ್ಕಿನ ವಿಳಂಬ 150 ಮಿಲಿಸೆಕೆಂಡುಗಳ ಒಳಗಿದ್ದರೆ ಬಹುತೇಕ ಸಂಭಾಷಣೆಗಳಿಗೆ ತೊಂದರೆಯಿಲ್ಲವೆಂದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಜಿ.114 ಶಿಫಾರಸು ಹೇಳುತ್ತದೆ. ಆದರೆ ಪ್ರತಿಧ್ವನಿ ಸಮರ್ಪಕವಾಗಿ ನಿಯಂತ್ರಣದಲ್ಲಿದ್ದಾಗ ಮಾತ್ರ ಈ ಮಾತು ಅನ್ವಯಿಸುತ್ತದೆ.

ಇತಿಹಾಸ

ಮೊದಲು ಬಳಕೆಗೆ ಬಂದದ್ದು ನಿವಾರಕವಲ್ಲ, ಪ್ರತಿಧ್ವನಿ ದಮನಕ. 1920ರ ದಶಕದಲ್ಲಿ ಅಮೆರಿಕದ ದೂರದ ಕರೆಗಳ ಮಾರ್ಗಗಳಿಗಾಗಿ ಇದನ್ನು ರೂಪಿಸಲಾಯಿತು, ಎ. ಬಿ. ಕ್ಲಾರ್ಕ್ ಮತ್ತು ಆರ್. ಸಿ. ಮ್ಯಾಥೆಸ್ 1925ರಲ್ಲಿ ಇದರ ವಿವರಗಳನ್ನು ಪ್ರಕಟಿಸಿದರು. ದಮನಕವು ಎರಡು ದಿಕ್ಕುಗಳ ಧ್ವನಿಮಟ್ಟವನ್ನು ಹೋಲಿಸಿ, ಆಚೆಯವರು ಮಾತನಾಡುತ್ತಿರುವಾಗ ಹಿಂದಿರುಗುವ ಮಾರ್ಗವನ್ನೇ ಮುಚ್ಚಿಬಿಡುತ್ತದೆ. ಒಬ್ಬರ ಮಾತು ಮುಗಿದ ಮೇಲೆ ಇನ್ನೊಬ್ಬರು ಮಾತನಾಡುವವರೆಗೆ ಇದು ಸಾಕು. ಆದರೆ ಸಂಭಾಷಣೆ ಹಾಗೆ ನಡೆಯುವುದಿಲ್ಲ. ಜನ ನಡುವೆ ಬಾಯಿ ಹಾಕುತ್ತಾರೆ, ‘ಹೂಂ’ಗುಟ್ಟುತ್ತಾರೆ, ಒಟ್ಟಿಗೆ ನಗುತ್ತಾರೆ. ಅಂಥ ಕಡೆಯಲ್ಲೆಲ್ಲ ದಮನಕವು ಮಾತಿನ ಮೊದಲಕ್ಷರವನ್ನೋ ಇಡೀ ಪದವನ್ನೋ ಕತ್ತರಿಸುತ್ತದೆ.

ಉಪಗ್ರಹ ದೂರವಾಣಿ ಬಂದಾಗ ಈ ದೋಷ ಅಸಹನೀಯವಾಯಿತು. 1965ರ ಏಪ್ರಿಲ್‌ನಲ್ಲಿ ಉಡಾವಣೆಯಾದ ‘ಅರ್ಲಿ ಬರ್ಡ್’ ಅಥವಾ ಇಂಟೆಲ್‌ಸ್ಯಾಟ್-1, ಅಮೆರಿಕ ಮತ್ತು ಯುರೋಪ್‌ಗಳ ನಡುವೆ ದೂರವಾಣಿ ಕರೆಗಳನ್ನು ಸಾಗಿಸಿದ ಭೂಸ್ಥಿರ ಉಪಗ್ರಹ. ಭೂಸ್ಥಿರ ಕಕ್ಷೆಯು ಭೂಮಿಯಿಂದ ಸುಮಾರು 35,786 ಕಿಲೋಮೀಟರ್ ಎತ್ತರದಲ್ಲಿದೆ. ಮಾತು ಮೇಲೇರಿ ಇಳಿಯಲು 71,000 ಕಿಲೋಮೀಟರಿಗೂ ಹೆಚ್ಚು ದೂರ ಸಾಗಬೇಕು. ಬೆಳಕಿನ ವೇಗದಲ್ಲಿ ಸಾಗಿದರೂ ಇದಕ್ಕೆ ಸುಮಾರು ಕಾಲು ಸೆಕೆಂಡು ಹಿಡಿಯುತ್ತದೆ. ಆಚೆ ತುದಿಯ ಹೈಬ್ರಿಡ್‌ನಲ್ಲಿ ಸೋರಿದ ದನಿ ಮರಳುವಷ್ಟರಲ್ಲಿ ಅರ್ಧ ಸೆಕೆಂಡು ಕಳೆದಿರುತ್ತದೆ. ಇಷ್ಟು ವಿಳಂಬದಲ್ಲಿ ಒಬ್ಬರು ಮಾತು ನಿಲ್ಲಿಸಿದರೋ ಇಲ್ಲವೋ ಎಂಬುದೇ ಇನ್ನೊಬ್ಬರಿಗೆ ತಿಳಿಯದು. ದಮನಕವು ಎರಡೂ ಕಡೆಯ ಮಾತನ್ನು ತುಂಡರಿಸುತ್ತಿತ್ತು.

ಮಾರ್ಗವನ್ನು ಮುಚ್ಚುವ ಬದಲು ಪ್ರತಿಧ್ವನಿಯನ್ನಷ್ಟೇ ಕಳೆಯುವ ವಿಚಾರ ಬೆಲ್ ಪ್ರಯೋಗಾಲಯದಲ್ಲಿ ರೂಪುಗೊಂಡಿತು. ಜಾನ್ ಎಲ್. ಕೆಲ್ಲಿ ಮತ್ತು ಬಿ. ಎಫ್. ಲೋಗನ್ ಅವರು ತಾನಾಗಿ ಹೊಂದಿಕೊಳ್ಳುವ ನಿವಾರಕವನ್ನು ಪ್ರಸ್ತಾಪಿಸಿದರು. ಪಣ ಮತ್ತು ಸಂಭಾವ್ಯತೆಗೆ ಸಂಬಂಧಿಸಿದ ‘ಕೆಲ್ಲಿ ಸೂತ್ರ’ದಿಂದ ಹೆಸರಾದ ಕೆಲ್ಲಿ ಇವರೇ, ಅವರು 1965ರಲ್ಲಿ ನಿಧನರಾದರು. ಅದೇ ಪ್ರಯೋಗಾಲಯದ ಮನಮೋಹನ್ ಸೋಂಧಿ 1967ರಲ್ಲಿ ಬೆಲ್ ಸಿಸ್ಟಂ ಟೆಕ್ನಿಕಲ್ ಜರ್ನಲ್‌ನಲ್ಲಿ ಪ್ರಕಟಿಸಿದ ಲೇಖನವು ಈ ಕ್ಷೇತ್ರದ ಅಡಿಗಲ್ಲುಗಳಲ್ಲೊಂದು. ಭಾರತೀಯ ಮೂಲದ ಸೋಂಧಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಂವಹನ ಎಂಜಿನಿಯರಿಂಗ್ ಅಧ್ಯಯನ ಮಾಡಿ, ಅನಂತರ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪಡೆದವರು. 1970ರಲ್ಲಿ ಸೋಂಧಿಯವರ ಪೇಟೆಂಟಿಗೆ 34,99,999 ಎಂಬ ಸಂಖ್ಯೆಯೂ, ಕೆಲ್ಲಿ ಮತ್ತು ಲೋಗನ್ ಅವರದಕ್ಕೆ 35,00,000 ಎಂಬ ಸಂಖ್ಯೆಯೂ ದೊರೆತವು.

ಆಗಿನ ವಿದ್ಯುನ್ಮಾನ ಬಿಡಿಭಾಗಗಳಿಂದ ಇಂಥ ಸಾಧನವನ್ನು ಕಟ್ಟುವುದು ಬಲು ದುಬಾರಿಯಾಗಿತ್ತು. 1980ರಲ್ಲಿ ಬೆಲ್ ಪ್ರಯೋಗಾಲಯದ ಡೊನಾಲ್ಡ್ ಡಟ್‌ವೈಲರ್ ಮತ್ತು ಸಂಗಡಿಗರು ಇಡೀ ನಿವಾರಕವನ್ನು ಒಂದೇ ಚಿಪ್‌ನಲ್ಲಿ ಅಳವಡಿಸಿ ತೋರಿಸಿದ ಮೇಲೆ ದೂರವಾಣಿ ಜಾಲಗಳಲ್ಲಿ ಅದರ ವ್ಯಾಪಕ ಬಳಕೆಗೆ ದಾರಿಯಾಯಿತು.

ಕಾರ್ಯವಿಧಾನ

ನಿವಾರಕದ ಮುಂದೆ ಎರಡು ಸಂಕೇತಗಳಿರುತ್ತವೆ: ಆಚೆ ತುದಿಯಿಂದ ಬಂದು ಧ್ವನಿವರ್ಧಕಕ್ಕೆ ಹೋಗುವ ಸಂಕೇತ ಹಾಗೂ ಮೈಕ್ರೊಫೋನ್ ಹಿಡಿದ ಸಂಕೇತ. ಎರಡನೆಯದರಲ್ಲಿ ಈಚೆಯವರ ಮಾತು, ಕೋಣೆಯ ಗದ್ದಲ, ಆಚೆಯವರ ಮಾತಿನ ಪ್ರತಿಧ್ವನಿ ಮೂರೂ ಬೆರೆತಿರುತ್ತವೆ. ಅಂಕೀಯ ವ್ಯವಸ್ಥೆಯಲ್ಲಿ ಸಂಕೇತವೆಂದರೆ ಸಂಖ್ಯೆಗಳ ಸಾಲು; ಸಾಂಪ್ರದಾಯಿಕ ದೂರವಾಣಿಯಲ್ಲಿ ಸೆಕೆಂಡಿಗೆ 8,000 ಮಾದರಿಗಳನ್ನು ತೆಗೆಯಲಾಗುತ್ತದೆ.

ಈ ಕ್ಷಣದ ಪ್ರತಿಧ್ವನಿಯು ಹಿಂದಿನ ಹಲವು ಕ್ಷಣಗಳ ಧ್ವನಿಗಳ ಮೊತ್ತ. ನೇರವಾಗಿ ಬಂದ ಅಲೆ ಬಲವಾಗಿರುತ್ತದೆ, ಎದುರು ಗೋಡೆಗೆ ಬಡಿದು ಬಂದದ್ದು ತಡವಾಗಿಯೂ ಕ್ಷೀಣವಾಗಿಯೂ ಇರುತ್ತದೆ, ಮೂರು ಗೋಡೆಗಳನ್ನು ಸುತ್ತಿ ಬಂದದ್ದು ಇನ್ನೂ ಕ್ಷೀಣ. ಪ್ರತಿಯೊಂದು ವಿಳಂಬಕ್ಕೂ ಒಂದೊಂದು ಗುಣಾಂಕವನ್ನು ಕೊಟ್ಟು, ಹಿಂದಿನ ಮಾದರಿಗಳನ್ನು ಆಯಾ ಗುಣಾಂಕದಿಂದ ಗುಣಿಸಿ ಕೂಡಿದರೆ ಪ್ರತಿಧ್ವನಿ ಸಿಗುತ್ತದೆ. ಈ ಗುಣಾಂಕಗಳ ಸಾಲನ್ನೇ ಫಿಲ್ಟರ್ ಎನ್ನಲಾಗುತ್ತದೆ. ತಂತಿಯ ಪ್ರತಿಧ್ವನಿ 64 ಮಿಲಿಸೆಕೆಂಡುಗಳವರೆಗೆ ಚಾಚಿಕೊಂಡಿದ್ದರೆ 512 ಗುಣಾಂಕಗಳು ಬೇಕು.

ಗುಣಾಂಕಗಳು ಮೊದಲೇ ತಿಳಿದಿರುವುದಿಲ್ಲ. ಅವುಗಳನ್ನು ಕಲಿಯಲು ಬಹುವಾಗಿ ಬಳಕೆಯಾಗುವುದು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಬರ್ನಾರ್ಡ್ ವಿಡ್ರೊ ಮತ್ತು ಟೆಡ್ ಹಾಫ್ 1960ರಲ್ಲಿ ಮಂಡಿಸಿದ ಎಲ್‌ಎಂಎಸ್ ಎಂಬ ಕ್ರಮವಿಧಿ ಹಾಗೂ ಅದರ ಪರಿಷ್ಕೃತ ರೂಪಗಳು. ಅಂದಾಜು ಪ್ರತಿಧ್ವನಿಯನ್ನು ಮೈಕ್ರೊಫೋನ್ ಸಂಕೇತದಿಂದ ಕಳೆದ ಮೇಲೆ ಏನು ಉಳಿಯಿತೆಂದು ನೋಡುವುದು, ಆ ಉಳಿಕೆ ಕಡಿಮೆಯಾಗುವ ದಿಕ್ಕಿನಲ್ಲಿ ಪ್ರತಿಯೊಂದು ಗುಣಾಂಕವನ್ನೂ ಸ್ವಲ್ಪ ಸರಿಸುವುದು, ಮುಂದಿನ ಮಾದರಿಗೆ ಇದನ್ನೇ ಮತ್ತೆ ಮಾಡುವುದು, ಇಷ್ಟೇ ಅದರ ಕ್ರಮ. ಗುಣಾಂಕದ ತಿದ್ದುಪಡಿಯು ಉಳಿಕೆ, ಆಚೆಯ ಮಾದರಿ ಮತ್ತು ಹೆಜ್ಜೆಯ ಗಾತ್ರ ಎಂಬ ಮೂರರ ಗುಣಲಬ್ಧ.

ಒಂದೇ ಗುಣಾಂಕವಿರುವ ಸರಳ ಉದಾಹರಣೆಯಿಂದ ಇದು ಸ್ಪಷ್ಟವಾಗುತ್ತದೆ. ಬಂದ ಧ್ವನಿಯ 0.6 ಭಾಗ ಮರಳುತ್ತಿದೆ ಎಂದಿಟ್ಟುಕೊಳ್ಳೋಣ. ನಿವಾರಕಕ್ಕೆ ಇದು ತಿಳಿಯದು. ಅದರ ಗುಣಾಂಕ ಸೊನ್ನೆಯಿಂದ ಆರಂಭವಾಗುತ್ತದೆ, ಹೆಜ್ಜೆಯ ಗಾತ್ರ 0.5. ಆಚೆಯಿಂದ 1 ಎಂಬ ಮಾದರಿ ಬಂದಾಗ ಪ್ರತಿಧ್ವನಿ 0.6, ಅಂದಾಜು 0, ಉಳಿಕೆ 0.6. ತಿದ್ದುಪಡಿ 0.3; ಗುಣಾಂಕವೂ 0.3 ಆಗುತ್ತದೆ. ಮತ್ತೆ 1 ಬಂದರೆ ಉಳಿಕೆ 0.3, ಗುಣಾಂಕ 0.45. ಮೂರನೆಯ ಬಾರಿ ಉಳಿಕೆ 0.15, ಗುಣಾಂಕ 0.525. ನಾಲ್ಕನೆಯ ಮಾದರಿ ಋಣ 1 ಆಗಿದ್ದರೆ ಪ್ರತಿಧ್ವನಿ ಋಣ 0.6, ಅಂದಾಜು ಋಣ 0.525, ಉಳಿಕೆ ಋಣ 0.075, ಎರಡು ಋಣಗಳ ಗುಣಲಬ್ಧ ಧನವಾಗುವುದರಿಂದ ಗುಣಾಂಕ ಮತ್ತೆ ಏರಿ 0.5625 ಆಗುತ್ತದೆ. ನಾಲ್ಕೇ ಹೆಜ್ಜೆಗಳಲ್ಲಿ ಅದು 0.6ರ ಸಮೀಪಕ್ಕೆ ಬಂದಿತು. ನೂರಾರು ಗುಣಾಂಕಗಳಿದ್ದಾಗ ಕಲಿಕೆ ಇಷ್ಟು ಬೇಗ ಆಗುವುದಿಲ್ಲ. ಮಾತಿನ ಅಕ್ಕಪಕ್ಕದ ಮಾದರಿಗಳು ಒಂದನ್ನೊಂದು ಬಹಳವಾಗಿ ಹೋಲುವುದೂ ಅದನ್ನು ನಿಧಾನಗೊಳಿಸುತ್ತದೆ.

ಜೋರಾದ ದನಿ ಬಂದಾಗ ತಿದ್ದುಪಡಿಯೂ ಅತಿಯಾಗಿ ಫಿಲ್ಟರ್ ಹಳಿ ತಪ್ಪದಿರಲೆಂದು, ಬಂದ ಸಂಕೇತದ ಶಕ್ತಿಯಿಂದ ಹೆಜ್ಜೆಯನ್ನು ಭಾಗಿಸುವ ರೂಪವೇ ಹೆಚ್ಚು ಬಳಕೆಯಲ್ಲಿದೆ. ಹೆಜ್ಜೆ ದೊಡ್ಡದಾದರೆ ಕಲಿಕೆ ವೇಗವಾಗುತ್ತದೆ, ಆದರೆ ಗದ್ದಲಕ್ಕೂ ಗುಣಾಂಕಗಳು ಅಲುಗಾಡುತ್ತವೆ. ಹೆಜ್ಜೆ ಚಿಕ್ಕದಾದರೆ ಸ್ಥಿರತೆ ಹೆಚ್ಚು, ಆದರೆ ಕರೆಯ ಆರಂಭದಲ್ಲಿ ಪ್ರತಿಧ್ವನಿ ಹೆಚ್ಚು ಹೊತ್ತು ಕೇಳಿಸುತ್ತದೆ.

ಇಬ್ಬರೂ ಒಟ್ಟಿಗೆ ಮಾತನಾಡುವಾಗ

ನಿವಾರಕದ ವಿನ್ಯಾಸದಲ್ಲಿ ಅತ್ಯಂತ ಕಠಿಣವಾದುದು ಕಲಿಸುವುದಲ್ಲ, ಕಲಿಕೆಯನ್ನು ಯಾವಾಗ ನಿಲ್ಲಿಸಬೇಕೆಂದು ತೀರ್ಮಾನಿಸುವುದು. ಉಳಿಕೆಯೆಲ್ಲವೂ ತನ್ನ ಅಂದಾಜಿನ ತಪ್ಪಿನಿಂದಲೇ ಬಂದದ್ದೆಂದು ಎಲ್‌ಎಂಎಸ್ ಭಾವಿಸುತ್ತದೆ. ಈಚೆಯವರು ಮಾತನಾಡತೊಡಗಿದರೆ ಆ ಭಾವನೆ ಸುಳ್ಳಾಗುತ್ತದೆ.

ಮೇಲಿನ ಉದಾಹರಣೆಯನ್ನೇ ಮುಂದುವರಿಸಿದರೆ, ಐದನೆಯ ಮಾದರಿ 1. ಅದೇ ಕ್ಷಣದಲ್ಲಿ ಈಚೆಯವರ ಮಾತು 0.4. ಮೈಕ್ರೊಫೋನ್ ಹಿಡಿಯುವುದು 0.6 ಮತ್ತು 0.4ರ ಮೊತ್ತವಾದ 1. ಅದರಿಂದ 0.5625 ಅನ್ನು ಕಳೆದರೆ ಉಳಿಕೆ 0.4375. ನಿವಾರಕವು ಇದನ್ನು ತನ್ನ ದೊಡ್ಡ ತಪ್ಪೆಂದು ತಿಳಿದು ಗುಣಾಂಕವನ್ನು ಸುಮಾರು 0.78ಕ್ಕೆ ಏರಿಸುತ್ತದೆ. 0.0375ರಷ್ಟಿದ್ದ ದೋಷ 0.18ಕ್ಕೆ, ಹೆಚ್ಚುಕಡಿಮೆ ಐದು ಪಟ್ಟಿಗೆ ಏರಿತು. ಈಗ ನಿವಾರಕವು ಪ್ರತಿಧ್ವನಿಗಿಂತ ಹೆಚ್ಚಿನದನ್ನು ಕಳೆಯುತ್ತಿದೆ. ಹಾಗೆ ಹೆಚ್ಚಾಗಿ ಕಳೆದದ್ದೇ ಆಚೆಯವರ ಕಿವಿಗೆ ಹೊಸ ಪ್ರತಿಧ್ವನಿಯಾಗಿ ಹೋಗುತ್ತದೆ. ಬಳಕೆದಾರರು ‘ಇಬ್ಬರೂ ಒಟ್ಟಿಗೆ ಮಾತಾಡಿದರೆ ಸದ್ದು ಕೆಡುತ್ತದೆ’ ಎನ್ನುವ ಅನುಭವದ ಹಿಂದೆ ಅನೇಕ ವೇಳೆ ಇರುವುದು ಇದೇ.

ಆದ್ದರಿಂದ ಪ್ರತಿ ನಿವಾರಕಕ್ಕೂ ಏಕಕಾಲದ ಮಾತನ್ನು ಪತ್ತೆಹಚ್ಚುವ ಭಾಗವೊಂದು ಬೇಕು. ಗೈಗಲ್ ಪತ್ತೆಕ್ರಮ ಇವುಗಳಲ್ಲಿ ಹಳೆಯದು, ಸರಳವಾದುದು. ಹೈಬ್ರಿಡ್ ಮೂಲಕ ಸೋರುವ ದನಿ ಮೂಲದ ಅರ್ಧಕ್ಕಿಂತ ಹೆಚ್ಚಿರದು ಎಂಬ ಊಹೆಯ ಮೇಲೆ ಅದು ನಿಂತಿದೆ. ಹಿಂತಿರುಗುವ ಮಾದರಿಯು ಇತ್ತೀಚಿನ ಆಚೆಯ ಮಾದರಿಗಳಲ್ಲಿ ಅತಿ ದೊಡ್ಡದರ ಅರ್ಧವನ್ನು ಮೀರಿದರೆ, ಈಚೆಯವರು ಮಾತನಾಡುತ್ತಿದ್ದಾರೆಂದು ತಿಳಿದು ಗುಣಾಂಕಗಳನ್ನು ಇದ್ದಲ್ಲಿಯೇ ಸ್ತಂಭಿಸಲಾಗುತ್ತದೆ. ಕಳೆಯುವ ಕೆಲಸ ನಡೆಯುತ್ತದೆ, ಕಲಿಯುವ ಕೆಲಸ ನಿಲ್ಲುತ್ತದೆ. ತಂತಿಯ ಮಟ್ಟಿಗೆ ಈ ಊಹೆ ಸಮಂಜಸ. ಕೋಣೆಯಲ್ಲಿ ಅದು ನಿಲ್ಲುವುದಿಲ್ಲ. ಫೋನಿನ ಧ್ವನಿವರ್ಧಕ ಮೈಕ್ರೊಫೋನಿಗೆ ಅಂಗುಲಗಳ ಅಂತರದಲ್ಲಿದ್ದರೆ ಪ್ರತಿಧ್ವನಿಯೇ ಈಚೆಯವರ ಮಾತಿಗಿಂತ ಜೋರಾಗಿರಬಹುದು. ಅಲ್ಲಿ ಎರಡು ಸಂಕೇತಗಳ ಪರಸ್ಪರ ಸಂಬಂಧವನ್ನು ಅಳೆಯುವ ವಿಧಾನಗಳು, ಅಥವಾ ಎರಡು ಫಿಲ್ಟರ್‌ಗಳನ್ನು ಇರಿಸಿಕೊಂಡು ಹಿನ್ನೆಲೆಯಲ್ಲಿ ಕಲಿಯುತ್ತಿರುವುದು ಉತ್ತಮವೆಂದು ಸಾಬೀತಾದಾಗ ಮಾತ್ರ ಅದನ್ನು ಮುನ್ನೆಲೆಗೆ ತರುವ ವಿಧಾನ ಬಳಕೆಯಾಗುತ್ತವೆ.

ಕೋಣೆ ಬದಲಾದಾಗಲೂ ಉಳಿಕೆ ಹೆಚ್ಚುತ್ತದೆ. ಯಾರೋ ಎದ್ದು ನಡೆದರು, ಬಾಗಿಲು ತೆರೆಯಿತು, ಲ್ಯಾಪ್‌ಟಾಪಿನ ಪರದೆ ವಾಲಿತು, ಆಗ ಪ್ರತಿಧ್ವನಿಯ ಮಾರ್ಗವೇ ಬೇರೆ. ಇಲ್ಲಿ ಕಲಿಕೆ ಚುರುಕಾಗಬೇಕು. ಉಳಿಕೆಯ ಏರಿಕೆ ಒಂದೇ, ಮಾಡಬೇಕಾದದ್ದು ತದ್ವಿರುದ್ಧ. ಕಾರಣ ಯಾವುದೆಂದು ತಪ್ಪಾಗಿ ಗ್ರಹಿಸಿದ ನಿವಾರಕವು ಮಾತು ಕೆಡಿಸುತ್ತದೆ ಅಥವಾ ಪ್ರತಿಧ್ವನಿಯನ್ನು ಬಿಟ್ಟುಕೊಡುತ್ತದೆ.

ಕೋಣೆಯ ಇತರ ತೊಡಕುಗಳು

ಕೋಣೆಯ ಪ್ರತಿಧ್ವನಿ ಉದ್ದವಾಗಿರುತ್ತದೆ. ಸೆಕೆಂಡಿಗೆ 16,000 ಮಾದರಿಗಳ ವ್ಯವಸ್ಥೆಯಲ್ಲಿ 300 ಮಿಲಿಸೆಕೆಂಡುಗಳನ್ನು ಆವರಿಸಲು 4,800 ಗುಣಾಂಕಗಳು ಬೇಕು. ಪ್ರತಿ ಮಾದರಿಗೂ ಅಷ್ಟೂ ಗುಣಾಂಕಗಳನ್ನು ಬಳಸಿ, ಅಷ್ಟನ್ನೂ ತಿದ್ದುವುದಾದರೆ ಸೆಕೆಂಡಿಗೆ 15 ಕೋಟಿಗೂ ಹೆಚ್ಚು ಗುಣಾಕಾರಗಳಾಗುತ್ತವೆ. ಸಂಕೇತವನ್ನು ತುಣುಕುಗಳಾಗಿ ತೆಗೆದುಕೊಂಡು, ಫೂರಿಯೆ ಪರಿವರ್ತನೆಯ ಮೂಲಕ ಆವರ್ತನಗಳಾಗಿ ಬಿಡಿಸಿ ಲೆಕ್ಕ ಮಾಡಿದರೆ ಈ ಹೊರೆ ಬಹಳವಾಗಿ ಇಳಿಯುತ್ತದೆ. ಮುಕ್ತ ತಂತ್ರಾಂಶಗಳಾದ ಸ್ಪೀಕ್ಸ್ ಮತ್ತು ವೆಬ್‌ಆರ್‌ಟಿಸಿಗಳ ನಿವಾರಕಗಳು ಈ ದಾರಿಯನ್ನೇ ಹಿಡಿದಿವೆ.

ಚಿಕ್ಕ ಧ್ವನಿವರ್ಧಕಗಳು ಜೋರಾಗಿ ನುಡಿಸಿದಾಗ ಧ್ವನಿಯನ್ನು ವಿಕೃತಗೊಳಿಸುತ್ತವೆ. ಗುಣಿಸಿ ಕೂಡುವ ಫಿಲ್ಟರ್ ಈ ವಿಕೃತಿಯನ್ನು ಅನುಕರಿಸಲಾರದು. ಹೀಗಾಗಿ ಕಳೆದ ಮೇಲೂ ಸ್ವಲ್ಪ ಪ್ರತಿಧ್ವನಿ ಉಳಿದೇ ಉಳಿಯುತ್ತದೆ. ಎಷ್ಟು ಇಳಿಯಿತೆಂಬುದನ್ನು ಡೆಸಿಬೆಲ್‌ಗಳಲ್ಲಿ ಅಳೆಯುತ್ತಾರೆ: 20 ಡೆಸಿಬೆಲ್ ಎಂದರೆ ಸಂಕೇತದ ಗಾತ್ರ ಹತ್ತನೆಯ ಒಂದು ಭಾಗಕ್ಕೆ, 40 ಎಂದರೆ ನೂರನೆಯ ಒಂದು ಭಾಗಕ್ಕೆ ಇಳಿದಂತೆ. ಉಳಿದದ್ದನ್ನು ಅಡಗಿಸಲು ಕೊನೆಯಲ್ಲಿ ಒಂದು ದಮನ ಘಟಕವಿರುತ್ತದೆ. 1920ರ ದಶಕದ ಹಳೆಯ ಉಪಾಯವೇ ಹೆಚ್ಚು ಸೂಕ್ಷ್ಮವಾದ ರೂಪದಲ್ಲಿ ಇಲ್ಲಿ ಮರಳಿ ಬಂದಿದೆ ಎನ್ನಬಹುದು. ದಮನದಿಂದ ಪೂರ್ಣ ಮೌನ ಉಂಟಾದರೆ ಕೇಳುಗರಿಗೆ ಕರೆ ಕಡಿದಂತೆ ತೋರುವುದರಿಂದ, ಕೋಣೆಯ ಗದ್ದಲವನ್ನು ಹೋಲುವ ಮೆಲುಸದ್ದನ್ನು ಕೃತಕವಾಗಿ ತುಂಬಲಾಗುತ್ತದೆ.

ಧ್ವನಿವರ್ಧಕ ಮತ್ತು ಮೈಕ್ರೊಫೋನ್ ಬೇರೆ ಬೇರೆ ಸಾಧನಗಳಾಗಿದ್ದರೆ ಅವುಗಳ ಗಡಿಯಾರಗಳು ಕೂಡುವುದಿಲ್ಲ. ಸೆಕೆಂಡಿಗೆ 48,000 ಮಾದರಿಗಳ ಎರಡು ಸಾಧನಗಳ ನಡುವೆ ದಶಲಕ್ಷಕ್ಕೆ 50ರಷ್ಟು ವ್ಯತ್ಯಾಸವಿದ್ದರೂ ಒಂದು ನಿಮಿಷಕ್ಕೆ 144 ಮಾದರಿಗಳು, ಅಂದರೆ 3 ಮಿಲಿಸೆಕೆಂಡು ಜಾರಿರುತ್ತದೆ. ಕಲಿತ ಗುಣಾಂಕಗಳು ಸ್ಥಾನ ತಪ್ಪುತ್ತವೆ. ಲ್ಯಾಪ್‌ಟಾಪಿಗೆ ಪ್ರತ್ಯೇಕ ಬ್ಲೂಟೂತ್ ಸ್ಪೀಕರ್ ಜೋಡಿಸಿದಾಗ ಪ್ರತಿಧ್ವನಿ ಕಾಣಿಸಿಕೊಳ್ಳಲು ಇದೂ, ಬ್ಲೂಟೂತ್‌ನ ಹೆಚ್ಚುವರಿ ವಿಳಂಬವೂ ಕಾರಣವಾಗಬಲ್ಲವು.

ಸ್ಟೀರಿಯೊ ವ್ಯವಸ್ಥೆಯ ತೊಡಕು ಇನ್ನೊಂದು ಬಗೆಯದು. ಎರಡೂ ಧ್ವನಿವರ್ಧಕಗಳಿಗೆ ಹೋಗುವುದು ಒಬ್ಬರದೇ ಮಾತಿನ ಎರಡು ರೂಪಗಳಾದ್ದರಿಂದ, ಎರಡು ಮಾರ್ಗಗಳ ಗುಣಾಂಕಗಳನ್ನು ನಿವಾರಕವು ಬೇರ್ಪಡಿಸಲಾರದು. ಮೊತ್ತ ಸರಿಹೊಂದುವ ತಪ್ಪು ಉತ್ತರಗಳು ಅನೇಕ. ಆಚೆ ಕೋಣೆಯಲ್ಲಿ ಮಾತನಾಡುವವರು ಬದಲಾದೊಡನೆ ಆ ಉತ್ತರ ಕೆಡುತ್ತದೆ. ಸೋಂಧಿ, ಡೆನಿಸ್ ಮಾರ್ಗನ್ ಮತ್ತು ಜೋಸೆಫ್ ಹಾಲ್ 1995ರಲ್ಲಿ ಈ ಸಮಸ್ಯೆಯನ್ನು ವಿವರಿಸಿದರು. ಎರಡು ವಾಹಿನಿಗಳಿಗೆ ಕಿವಿಗೆ ತಿಳಿಯದಷ್ಟು ಅಲ್ಪ ವಿಕೃತಿಯನ್ನು ಬೇರೆ ಬೇರೆಯಾಗಿ ಸೇರಿಸುವುದು ಪರಿಹಾರಗಳಲ್ಲೊಂದು.

ಇತ್ತೀಚಿನ ವರ್ಷಗಳಲ್ಲಿ ಆಳ ನರಜಾಲಗಳನ್ನು, ವಿಶೇಷವಾಗಿ ಉಳಿದ ಪ್ರತಿಧ್ವನಿಯನ್ನು ಅಡಗಿಸುವ ಹಂತದಲ್ಲಿ, ಬಳಸಲಾಗುತ್ತಿದೆ. ಮೈಕ್ರೊಸಾಫ್ಟ್ 2021ರಿಂದ ಇದಕ್ಕಾಗಿ ಸಂಶೋಧಕರ ನಡುವೆ ಸ್ಪರ್ಧೆಗಳನ್ನೂ ನಡೆಸಿದೆ.

ಮಾತಿನಾಚೆಯ ಬಳಕೆ

ಸ್ಮಾರ್ಟ್ ಸ್ಪೀಕರ್‌ಗಳು ತಾವು ಹಾಡು ನುಡಿಸುತ್ತಿರುವಾಗಲೇ ಬಳಕೆದಾರರ ಆಜ್ಞೆಯನ್ನು ಗುರುತಿಸಬೇಕಾಗುತ್ತದೆ. ಅಲ್ಲಿ ಕೇಳುಗನೇ ಯಂತ್ರವಾದರೂ ನಿವಾರಣೆಯ ಕ್ರಮ ಅದೇ.

ದತ್ತಾಂಶ ಸಂವಹನದಲ್ಲೂ ಈ ತಂತ್ರ ಮುಖ್ಯವಾಗಿದೆ. 1984ರ ವಿ.32 ಮೋಡೆಮ್ ಮಾನಕವು ಎರಡೇ ತಂತಿಗಳಲ್ಲಿ ಎರಡೂ ದಿಕ್ಕಿಗೆ ಏಕಕಾಲದಲ್ಲಿ ಸೆಕೆಂಡಿಗೆ 9,600 ಬಿಟ್‌ಗಳನ್ನು ಸಾಗಿಸಿದ್ದು ಮೋಡೆಮ್ ತನ್ನದೇ ಸಂಕೇತದ ಮರಳುವಿಕೆಯನ್ನು ಕಳೆಯುತ್ತಿದ್ದುದರಿಂದ. ವಿಚಿತ್ರವೆಂದರೆ, ದೂರವಾಣಿ ಜಾಲದೊಳಗಿನ ನಿವಾರಕಗಳು ಇಂಥ ಮೋಡೆಮ್‌ಗಳಿಗೆ ಅಡ್ಡಿಯಾಗುತ್ತಿದ್ದವು. ಅವುಗಳನ್ನು ನಿಷ್ಕ್ರಿಯಗೊಳಿಸಲು ಮೋಡೆಮ್ ಸಂಪರ್ಕದ ಆರಂಭದಲ್ಲಿ 2,100 ಹರ್ಟ್ಸ್‌ನ ಸ್ವರವೊಂದನ್ನು, ನಡುನಡುವೆ ಅದರ ಹಂತವನ್ನು ತಿರುಗಿಸುತ್ತ ಕಳುಹಿಸುತ್ತದೆ. ಜಾಲದ ನಿವಾರಕಗಳು ಅದನ್ನು ಗುರುತಿಸಿ ತಾವಾಗಿ ಹಿಂದೆ ಸರಿಯುತ್ತವೆ. ಕಚೇರಿ, ಮನೆಗಳಲ್ಲಿ ಬಳಸುವ 1999ರ ಗಿಗಾಬಿಟ್ ಈಥರ್ನೆಟ್ ಮಾನಕದಲ್ಲಿ ಕೇಬಲಿನ ನಾಲ್ಕು ಜೋಡಿ ತಂತಿಗಳಲ್ಲಿ ಪ್ರತಿಯೊಂದೂ ಸೆಕೆಂಡಿಗೆ 250 ಮೆಗಾಬಿಟ್‌ಗಳನ್ನು ಎರಡೂ ದಿಕ್ಕಿಗೆ ಒಟ್ಟಿಗೆ ಒಯ್ಯುತ್ತದೆ. ಪ್ರತಿ ಜೋಡಿಯ ಎರಡೂ ತುದಿಗಳಲ್ಲಿ ಒಂದೊಂದು ಪ್ರತಿಧ್ವನಿ ನಿವಾರಕ ಕೆಲಸ ಮಾಡುತ್ತಿರುತ್ತದೆ.